ಅಳಿಯ ಹೇಳದೆ ಬಿಟ್ಟ ಮಾತು

ನನಗೆ ಕ್ಯಾನ್ಸರ್ ಇಲ್ಲ ಎಂದು ರಿಪೋರ್ಟ್ ಬಂದ ದಿನ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದರು. ಓಣಿಗೆಲ್ಲ ಹಂಚಿದರು. ಅಂದಿನಿಂದ ಯಾರೂ ನನ್ನನ್ನು ಹೇಗಿದ್ದೀಯ ಎಂದು ಕೇಳಲಿಲ್ಲ. ಕೇಳುವುದಾದರೂ ಏಕೆ, ನಾರ್ಮಲ್ ಎಂದು ಬರೆದಿದೆಯಲ್ಲ. ಕಾಯಿಲೆಯೇ ಇಲ್ಲದವನಿಗೆ ಕಷ್ಟ ಎಲ್ಲಿಂದ ಬರಬೇಕು? ಆ ಹೋಳಿಗೆ ತಿಂದ ಮೇಲೆ ಮೂರು ತಿಂಗಳು ನಾನು ಪಟ್ಟ ಪಾಡು ಹೀಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಗುವವರು ನಗಲಿ. ಎಲ್ಲೋ ಒಬ್ಬ ಗಂಡಸು ಬಚ್ಚಲಲ್ಲಿ ನಿಂತು ತನ್ನ ಲುಂಗಿಯನ್ನು ತಾನೇ ಕದ್ದು ಒಗೆಯುತ್ತಿರಬಹುದು. ಅವನು ಇದನ್ನು ಓದಿದರೆ ಸಾಕು.

ನನ್ನ ಹೆಸರು ಕೊಟ್ರೇಶಪ್ಪ, ವಯಸ್ಸು ಐವತ್ತೈದು. ಹರಪನಹಳ್ಳಿಯಿಂದ ಹಡಗಲಿಗೆ ಹೋಗಿ ಬರುವ ಖಾಸಗಿ ಬಸ್ಸಿನ ಡ್ರೈವರ್. ಒಂದು ದಿನ ಡ್ಯೂಟಿ, ಒಂದು ದಿನ ರಜೆ. ಕಂಡಕ್ಟರ್ ಖಾದರ್ ಮತ್ತು ನಾನು ಹತ್ತೊಂಬತ್ತು ವರ್ಷದಿಂದ ಜೊತೆಗಿದ್ದೇವೆ. ಕಾಯಿಲೆಯ ಸುಳಿವು ಮೊದಲು ಸಿಕ್ಕಿದ್ದು ಅವನಿಗೇ. ಊರು ಬಿಟ್ಟು ಅರ್ಧ ಗಂಟೆ ಆಗುವಷ್ಟರಲ್ಲಿ ನನಗೆ ಒಂದಕ್ಕೆ ಅವಸರವಾಗುತ್ತಿತ್ತು. ಗಾಡಿ ನಿಲ್ಲಿಸಿ ಜಾಲಿಗಿಡದ ಮರೆಗೆ ಓಡಿದರೆ ಬರುವುದು ನಾಲ್ಕು ಹನಿ, ಅದಕ್ಕೂ ನಿಂತು ಕಾಯಬೇಕು. ನನ್ನ ಮಾನ ಉಳಿಸಲು ಖಾದರ್, ಡ್ರೈವರ್ ಟೈರ್ ನೋಡಲು ಇಳಿದಿದ್ದಾನೆ ಎಂದು ಪ್ರಯಾಣಿಕರಿಗೆ ಹೇಳುತ್ತಿದ್ದ. ಒಂದು ದಿನ ಮೆಕ್ಕೆಜೋಳ ಮುರಿಯಲು ಹೊರಟಿದ್ದ ಹೆಂಗಸೊಬ್ಬಳು, ನಾನು ಮತ್ತೆ ಹತ್ತಿ ಕೂರುತ್ತಿದ್ದಂತೆ ಮುಂದಿನ ಸೀಟಿನಿಂದ ಕೇಳಿದಳು: "ಡ್ರೈವರಣ್ಣ, ಟೈರಿಗೆ ದಿನಕ್ಕ ಎಷ್ಟು ಸಲ ನೀರು ಹಾಕ್ತೀಯಪ್ಪ?" ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ. ಮರುದಿನವೇ ಡಾಕ್ಟರ ಹತ್ತಿರ ಹೋದೆ.

ನಮ್ಮೂರ ಡಾಕ್ಟರು ಎರಡು ತಿಂಗಳು ಗುಳಿಗೆ ಕೊಟ್ಟು ನೋಡಿದರು. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರು. ಚೀಟಿ ನೋಡಿ, ಪ್ರಾಸ್ಟೇಟ್ ಗ್ರಂಥಿಯದು ಸ್ವಲ್ಪ ಜಾಸ್ತಿ ತೋರಿಸುತ್ತಿದೆ, ದಾವಣಗೆರೆಗೆ ಹೋಗಿ ಬಯಾಪ್ಸಿ ಮಾಡಿಸಿಬಿಡಿ ಎಂದರು. ಆ ಗ್ರಂಥಿ ನನ್ನೊಳಗೆ ಇದೆ ಎಂದೇ ನನಗೆ ಐವತ್ತೈದು ವರ್ಷ ಗೊತ್ತಿರಲಿಲ್ಲ. ಗೊತ್ತಾದ ದಿನವೇ ಅದು ನನ್ನನ್ನು ಕೊಲ್ಲಬಹುದು ಎಂದೂ ಗೊತ್ತಾಯಿತು.

ನಮ್ಮ ಕಡೆ ಒಂದು ಪದ್ಧತಿ ಇದೆ. ಆಸ್ಪತ್ರೆಗೆ ಹೋದರೆ ಕಾಯಿಲೆಯವನು ಮಾತಾಡುವುದಿಲ್ಲ, ಜೊತೆಗೆ ಬಂದವನು ಮಾತಾಡುತ್ತಾನೆ. ಕಾಯಿಲೆಯವನು ಹೊರಗಿನ ಬೆಂಚಿನ ಮೇಲೆ ಕೂತು ಮುಚ್ಚಿದ ಬಾಗಿಲು ನೋಡುತ್ತಿರುತ್ತಾನೆ. ಡಾಕ್ಟರುಗಳೂ ಇದಕ್ಕೆ ಹೊಂದಿಕೊಂಡುಬಿಟ್ಟಿದ್ದಾರೆ. ಪರೀಕ್ಷೆ ಮುಗಿದ ಕೂಡಲೇ, ಜೊತೆಗೆ ಯಾರು ಬಂದಿದ್ದಾರೆ ಕರೆಯಿರಿ ಎನ್ನುತ್ತಾರೆ. ಕಾಯಿಲೆಯವನಿಗೆ ಹೇಳಿದರೆ ಎದೆ ಒಡೆದುಕೊಳ್ಳುತ್ತಾನೆ ಎಂದು ಲೆಕ್ಕಾಚಾರ. ಹೇಳದಿದ್ದರೆ ಏನಾಗುತ್ತದೆ ಎಂದು ಯಾರೂ ಲೆಕ್ಕ ಹಾಕಿಲ್ಲ.

ನನಗೆ ಗಂಡುಮಕ್ಕಳಿಲ್ಲ. ಒಬ್ಬಳೇ ಮಗಳು ಸುಮಾ, ಕೊಟ್ಟೂರಿಗೆ ಕೊಟ್ಟಿದ್ದೇವೆ. ಅವಳ ಗಂಡ ವೀರೇಶ ಅಲ್ಲಿಯ ಹೈಸ್ಕೂಲಿನಲ್ಲಿ ಮೇಷ್ಟ್ರು, ಇಂಗ್ಲಿಷ್ ಬಲ್ಲವರು. ಹೀಗಾಗಿ ಯಾರನ್ನು ಕರೆದೊಯ್ಯಬೇಕು ಎಂಬ ಪ್ರಶ್ನೆಯೇ ಏಳಲಿಲ್ಲ. ಹೆಂಡತಿ ಗೌರಿ ತಾನೂ ಬರುತ್ತೇನೆ ಎಂದಳು. ಗಂಡಸರ ಕಾಯಿಲೆ, ನೀನು ಬಂದು ಏನು ಮಾಡುತ್ತೀ ಎಂದು ನಾನೇ ಬಾಯಿ ಮುಚ್ಚಿಸಿದೆ. ಇನ್ನು ಅಳಿಯನ ವಿಷಯ ಹೇಳಬೇಕೆಂದರೆ, ಅವರ ಎದುರು ನಾನು ಬರೀ ಬನಿಯನ್ನಿನಲ್ಲಿ ಕೂತವನಲ್ಲ. ನನ್ನೆದುರು ಅವರು ಕಾಲ ಮೇಲೆ ಕಾಲು ಹಾಕಿದವರಲ್ಲ. ಸುಮಾ ಬಸುರಿಯಾದಾಗ ಆ ಸುದ್ದಿ ಅವರು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಏಳು ತಿಂಗಳು ತುಂಬಿದ ಮೇಲೆ ಹೊಟ್ಟೆಯೇ ಹೇಳಿತು. ಅಂಥ ಇಬ್ಬರು, ಸೊಂಟದ ಕೆಳಗಿನ ಕಾಯಿಲೆ ಹೊತ್ತುಕೊಂಡು ದಾವಣಗೆರೆಗೆ ಹೊರಟೆವು.

ಆಸ್ಪತ್ರೆಯ ಹಾಲಿನಲ್ಲಿ ಮೂರು ತಾಸು ಕೂತೆವು. ನರ್ಸ್ ಬಂದು ಕೊಟ್ರೇಶಪ್ಪ ಎಂದು ಕೂಗಿದಳು. ಮೂವರು ಎದ್ದು ನಿಂತೆವು. ಒಬ್ಬ ಕೂಡ್ಲಿಗಿಯವನು, ಒಬ್ಬ ಹಗರಿಬೊಮ್ಮನಹಳ್ಳಿಯವನು, ಇನ್ನೊಬ್ಬ ನಾನು. ಕೊಟ್ಟೂರಿನ ದೇವರಿಗೆ ನಡೆದುಕೊಂಡು ಮನೆಗೊಬ್ಬನಿಗೆ ಅವನ ಹೆಸರಿಡುವ ಸೀಮೆಯಲ್ಲಿ ಇದೇನು ಹೊಸದಲ್ಲ. ಆಕೆಗೆ ಮಾತ್ರ ಸಿಟ್ಟು ಬಂತು. ಅಪ್ಪನ ಹೆಸರು ಹೇಳಿ ಎಂದಳು. ಇಬ್ಬರ ಅಪ್ಪನ ಹೆಸರು ಬಸಪ್ಪ. ಆ ಮೂರು ತಾಸಿನಲ್ಲಿ ನಾವು ಮೂವರು ಕೊಟ್ರೇಶರು ಮಳೆ, ಮೆಕ್ಕೆಜೋಳದ ಹುಳ, ಹರಪನಹಳ್ಳಿ ರಸ್ತೆಯ ಗುಂಡಿ ಎಲ್ಲ ಮಾತಾಡಿದೆವು. ನಿನಗೆ ಏನಾಗಿದೆ ಎಂದು ಮಾತ್ರ ಒಬ್ಬರನ್ನೊಬ್ಬರು ಕೇಳಲಿಲ್ಲ. ಕೇಳಿದ್ದರೆ ಎಷ್ಟು ಹಗುರಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಒಳಗೆ ಎಡಮಗ್ಗುಲಾಗಿ ಮಲಗಿಸಿ ಮೊಣಕಾಲು ಹೊಟ್ಟೆಗೆ ಸೇರಿಸಿದರು. ಹಿಂದಿನಿಂದ ಕೊಳವೆ ಹಾಕಿದರು. ಅದರ ವಿವರ ಬೇಡ, ಅನುಭವಿಸಿದವರಿಗೆ ಗೊತ್ತು, ಅನುಭವಿಸದವರು ಸುಖವಾಗಿರಲಿ. ಸೂಜಿ ಒಳಗೆ ಹೋದಾಗಲೆಲ್ಲ ಟಕ್ ಎಂದು ಸದ್ದು, ಹಿಂದೆ ಖಾದರ್ ಟಿಕೆಟ್ಟಿಗೆ ತೂತು ಹಾಕುತ್ತಿದ್ದನಲ್ಲ, ಥೇಟ್ ಹಾಗೇ. ಹನ್ನೆರಡು ಟಿಕೆಟ್ ಎಣಿಸಿದೆ. ಎಂಟನೆಯದಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ತಲೆಯ ಹತ್ತಿರ ನಿಂತಿದ್ದ ಹುಡುಗಿ ಭುಜ ಒತ್ತಿ ಹಿಡಿದು, ಇನ್ನು ನಾಲ್ಕೇ ಅಜ್ಜಾ ಎಂದಳು. ಅಜ್ಜ ಎಂದದ್ದು ಸೂಜಿಗಿಂತ ಹೆಚ್ಚು ಚುಚ್ಚಿತು. ಆದರೆ ಕೊನೆಯ ಟಕ್‌ವರೆಗೂ ಅವಳು ಕೈ ತೆಗೆಯಲಿಲ್ಲ. ಆ ಕೈಯನ್ನು ನಾನು ಮರೆತಿಲ್ಲ.

ನನ್ನನ್ನು ಹೊರಗೆ ಕೂರಿಸಿ ಡಾಕ್ಟರು ವೀರೇಶರನ್ನು ಒಳಗೆ ಕರೆದರು. ಹತ್ತು ನಿಮಿಷ ಬಿಟ್ಟು ಅವರು ಬಂದಾಗ ಎರಡೂ ಕಿವಿ ಕೆಂಪಗಾಗಿದ್ದವು. ನನ್ನ ಮುಖ ನೋಡದೆ, ಕೈಲಿದ್ದ ಫೈಲು ನೋಡುತ್ತ ಹೇಳಿದರು.

"ಏನಿಲ್ರಿ ಮಾವಾರ. ನೀರು ಜಾಸ್ತಿ ಕುಡೀಬೇಕಂತ. ಮೂತ್ರದಾಗ ಎರಡು ಮೂರು ದಿನ ರಕ್ತ ಬರ್ತೈತಂತ, ಹೆದರಬಾರ್ದಂತ. ಜ್ವರ ಬಂದ್ರ ತಡಾ ಮಾಡ್ದ ಬರ್ಬೇಕಂತ. ಒಂದು ವಾರ ಗಾಡಿ ಹೊಡೀಬಾರ್ದಂತ."

ಅಷ್ಟೇನಾ ಎಂದೆ. ಅಷ್ಟೇ ಎಂದರು. ಆ ಕೆಂಪು ಕಿವಿಗಳನ್ನು ನಾನು ನೋಡಿದ್ದೆ. ಕ್ಯಾನ್ಸರ್ ಎಂದು ಡಾಕ್ಟರು ಆಗಲೇ ಹೇಳಿಬಿಟ್ಟಿದ್ದಾರೆ, ಇವರು ಮುಚ್ಚಿಡುತ್ತಿದ್ದಾರೆ ಎಂದು ಅರ್ಥ ಮಾಡಿಕೊಂಡೆ. ಊರು ಬರುವವರೆಗೆ ಇಬ್ಬರೂ ಕಿಟಕಿಯ ಹೊರಗೆ ನೋಡುತ್ತ ಕೂತೆವು.

ರಿಪೋರ್ಟಿಗೆ ಹತ್ತು ದಿನ ಎಂದಿದ್ದರು. ಮೂರು ದಿನ ಮೂತ್ರ ಕೆಂಪಗೆ ಬಂತು, ಹೇಳಿದ್ದರಲ್ಲ ಎಂದು ಹೆದರಲಿಲ್ಲ. ದಿಂಬಿನ ಮೇಲೆ ಕೂರುತ್ತಿದ್ದೆ. ಬೀಗರು, ನೆಂಟರು ಬಾಳೆಹಣ್ಣು ಹಿಡಿದು ಬಂದರು. ಒಬ್ಬರು ತಮ್ಮ ಷಡ್ಡಕನಿಗೆ ಹೀಗೇ ಆಗಿತ್ತೆಂದು ಶುರು ಮಾಡಿ, ಅವನು ಸತ್ತ ಕಥೆಯವರೆಗೆ ಹೋಗಿ, ನಿಮಗೆ ಹಾಗಾಗಲಿಕ್ಕಿಲ್ಲ ಬಿಡ್ರಿ ಎಂದು ಎದ್ದು ಹೋದರು. ಹನ್ನೊಂದನೆಯ ದಿನ ವೀರೇಶ ದಾವಣಗೆರೆಗೆ ಹೋಗಿ ರಿಪೋರ್ಟ್ ತಂದರು. ಕ್ಯಾನ್ಸರ್ ಇಲ್ಲ, ಗ್ರಂಥಿ ದಪ್ಪಗಾಗಿದೆ ಅಷ್ಟೆ, ಮೂರು ತಿಂಗಳು ಬಿಟ್ಟು ಮತ್ತೆ ತೋರಿಸಬೇಕು. ಗೌರಿ ದೇವರ ಮುಂದೆ ಕೂತವಳು ಏಳಲೇ ಇಲ್ಲ. ನಾನೇ ಎಬ್ಬಿಸಿದೆ. ಆಗಲೇ ಹೋಳಿಗೆ ಆದದ್ದು.

ಇಲ್ಲಿಂದ ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತದೆ. ಆದರೆ ಇದನ್ನು ಬಿಟ್ಟರೆ ನಾನೂ ಆ ಫೈಲು ನೋಡುತ್ತ ಮಾತಾಡಿದವರ ಸಾಲಿಗೇ ಸೇರುತ್ತೇನೆ.

ನಮ್ಮದು ಮಧ್ಯಾಹ್ನದ ಸಂಸಾರ. ಡ್ಯೂಟಿಯ ದಿನ ನಸುಕಿನಲ್ಲಿ ಹೊರಟರೆ ಮನೆಗೆ ಬರುವಷ್ಟರಲ್ಲಿ ಮೈಯೆಲ್ಲ ನುಗ್ಗಾಗಿರುತ್ತದೆ. ರಜೆಯ ದಿನ ಊಟವಾದ ಮೇಲೆ ಓಣಿಯೆಲ್ಲ ಮಲಗಿದಾಗ ಗೌರಿ ಮುಂಬಾಗಿಲ ಚಿಲಕ ಹಾಕುತ್ತಿದ್ದಳು. ಮೂವತ್ತು ವರ್ಷದಿಂದ ಹೀಗೇ. ಮಗಳ ಮದುವೆಯಾಯಿತು, ಮೊಮ್ಮಗಳು ಬಂದಳು, ಇನ್ನು ಸಾಕು ಎಂದು ಲೋಕ ಹೇಳುತ್ತದೆ. ಲೋಕಕ್ಕೇನು ಗೊತ್ತು? ಆ ಚಿಲಕದ ಸದ್ದು ಕೇಳಿದರೆ ವಾರದ ದಣಿವು ಇಳಿಯುತ್ತಿತ್ತು. ನಾವಿಬ್ಬರೂ ಅತಿ ಹೆಚ್ಚು ನಗುತ್ತಿದ್ದುದು ಆಗಲೇ.

ಬಯಾಪ್ಸಿಯಾಗಿ ಎರಡು ವಾರ ಕಳೆದಿರಬಹುದು. ಒಂದು ಮಧ್ಯಾಹ್ನ ಗೌರಿ ಚಿಲಕ ಹಾಕಿದಳು. ಆಮೇಲೆ ಬಚ್ಚಲಿಗೆ ಹೋಗಿ ನೋಡಿಕೊಂಡರೆ ಲುಂಗಿಯ ಮೇಲೆ ಕಲೆ, ತುಕ್ಕು ಹಿಡಿದ ನೀರಿನ ಬಣ್ಣ. ಮೂತ್ರದ ರಕ್ತವಲ್ಲ, ಅದು ಎಂದೋ ನಿಂತಿತ್ತು. ವೀರ್ಯದಲ್ಲಿ ರಕ್ತ. ಕೆಂಪು ಕಿವಿಗಳು ನೆನಪಾದವು. ರಿಪೋರ್ಟ್ ಸುಳ್ಳು ಎಂದುಕೊಂಡೆ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು: ಏನೋ ಕೊಳೆತದ್ದು ನನ್ನೊಳಗಿನಿಂದ ಗೌರಿಯ ಮೈ ಸೇರಿತು, ಅವಳಿಗೂ ಅಂಟಿಸಿಬಿಟ್ಟೆ ಎಂದು. ಅಲ್ಲೇ ನಿಂತು ಲುಂಗಿ ಒಗೆದೆ. ಮೂವತ್ತು ವರ್ಷದಲ್ಲಿ ಒಂದು ಕರವಸ್ತ್ರ ಒಗೆದವನಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ, ಹಿತ್ತಲಲ್ಲಿ ಒಣ ಹಾಕಿ ಬಂದರೆ ಗೌರಿಗೆ ಗೊತ್ತಾಗುವುದಿಲ್ಲ ಎಂದುಕೊಂಡೆ.

ಹದಿನೈದು ದಿನ ಏನೇನೋ ನೆಪ ಹೇಳಿದೆ. ಮತ್ತೊಂದು ಮಧ್ಯಾಹ್ನ ಅವಳೇ ಹತ್ತಿರ ಬಂದಳು. ಮೈ ಕೇಳಲಿಲ್ಲ. ಮನಸ್ಸು ಲುಂಗಿಯ ಕಲೆಯ ಮೇಲಿದ್ದರೆ ಮೈ ಹೇಗೆ ಕೇಳೀತು? ಇರಲಿ ಬಿಡ್ರಿ, ದಣಿದೀರಿ ಎಂದು ಅವಳು ಬೆನ್ನು ಸವರಿದಳು. ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಇನ್ನೊಂದು ಸಲವೂ ಹಾಗೇ ಆಯಿತು. ಅದಾದ ಮೇಲೆ ನನ್ನ ಹಾಸಿಗೆಯನ್ನು ಪಡಸಾಲೆಗೆ ತಂದೆ. ಒಳಗೆ ಸೆಖೆ ಎಂದೆ. ಆಗ ಮಾಗಿಯ ಚಳಿ.

ಗೌರಿ ಹಾಸಿಗೆ ನೋಡಿದಳು, ನನ್ನನ್ನು ನೋಡಿದಳು. "ನೀವೂ ನಮ್ಮಪ್ಪನಂಗ ಆದ್ರೇನು?" ಎಂದಳು. ಅವಳ ಅಪ್ಪ ಹಲವಾಗಲಿನವರು. ನಡುವಯಸ್ಸಿನಲ್ಲೇ ಮನೆ ಬಿಟ್ಟು ಊರಮಠದ ಪಡಸಾಲೆಯಲ್ಲಿ ಮಲಗಲು ಶುರು ಮಾಡಿದವರು, ಸಾಯುವವರೆಗೂ ಅಲ್ಲೇ ಮಲಗಿದರು. ದೊಡ್ಡ ವೈರಾಗ್ಯ ಎಂದು ಊರವರು ಕೈ ಮುಗಿಯುತ್ತಿದ್ದರು. ನಾನು ಗೋಡೆಯ ಕಡೆ ತಿರುಗಿದೆ.

ಸುಮ್ಮನೆ ಕೂರಲಿಲ್ಲ, ಅದನ್ನೂ ಹೇಳಬೇಕು. ನಮ್ಮೂರ ಡಾಕ್ಟರ ಹತ್ತಿರ ಹೋದೆ. ಅಲ್ಲಿ ರೋಗಿಗೂ ಮುಂದಿನ ರೋಗಿಗೂ ನಡುವೆ ಒಂದು ಗೇಣು ಜಾಗ. ನನ್ನ ಹಿಂದೆ ನಮ್ಮ ಓಣಿಯ ಮುದುಕಿ, ಮೈಯೆಲ್ಲ ಕಿವಿಯಾಗಿ ನಿಂತಿದ್ದಳು. ಏನು ತೊಂದರೆ ಎಂದು ಡಾಕ್ಟರು ಕೇಳಿದರು. ಸುಸ್ತು ಎಂದೆ. ಶಕ್ತಿಯ ಇಂಜೆಕ್ಷನ್ ಕೊಟ್ಟರು. ಮುಂದಿನ ವಾರ ಮತ್ತೆ ಹೋದೆ, ಮತ್ತೆ ಸುಸ್ತು ಎಂದೆ, ಮತ್ತೆ ಅದೇ ಇಂಜೆಕ್ಷನ್. ಡಾಕ್ಟರರನ್ನು ಬೈಯಲೋ ನನ್ನನ್ನು ಬೈದುಕೊಳ್ಳಲೋ ತಿಳಿಯಲಿಲ್ಲ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಗಂಡಸರ ಗುಪ್ತ ಸಮಸ್ಯೆಗೆ ಪರಿಹಾರ ಎಂದು ಬರೆದಿರುತ್ತಾರಲ್ಲ, ಪಕ್ಕದ ಊರಿನ ಒಂದು ಲಾಡ್ಜಿನ ಮೆಟ್ಟಿಲನ್ನೂ ಹತ್ತಿದೆ. ಅಲ್ಲಿ ಕೂತಿದ್ದ ನಾಟಿ ವೈದ್ಯ ನಾಡಿ ಹಿಡಿದು, ಹರೆಯದಲ್ಲಿ ನೀವು ಮಾಡಿದ ತಪ್ಪು ಎಂದ. ಹರೆಯದಲ್ಲಿ ನಾನು ಮಾಡಿದ್ದೆಂದರೆ ಲಾರಿ ಓಡಿಸಿದ್ದು. ಅವನ ಪುಡಿ ತಿಂದು ಎರಡು ದಿನ ಹೊಟ್ಟೆ ಕೆಟ್ಟಿತು. ಬಸ್ಸನ್ನು ಇನ್ನೂ ಹೆಚ್ಚು ಸಲ ನಿಲ್ಲಿಸಬೇಕಾಯಿತು.

ಖಾದರ್‌ಗೆ ಹೇಳೋಣ ಎಂದು ಎಷ್ಟೋ ಸಲ ಬಾಯಿವರೆಗೆ ಬಂತು. ಹಡಗಲಿಯಲ್ಲಿ ಗಾಡಿ ತಿರುಗಿಸಿಕೊಂಡು ಮಂಡಕ್ಕಿ ತಿನ್ನುತ್ತ ಕೂರುತ್ತೇವೆ, ಅರ್ಧ ತಾಸು ಇಬ್ಬರೇ. ಅವನೇ ಒಮ್ಮೆ ಕೇಳಿದ, ರಿಪೋರ್ಟ್ ಚಲೋ ಬಂದೈತಿ, ಮತ್ತ ಯಾಕಲೇ ಮುಖ ಹಿಂಗ ಇಟ್ಕೊಂಡೀಯ ಎಂದು. ಏನಿಲ್ಲ, ಗೇರ್ ಸರಿಯಾಗಿ ಬೀಳ್ತಾ ಇಲ್ಲ ಎಂದೆ. ಅವನು ಮೆಕ್ಯಾನಿಕ್‌ಗೆ ಫೋನ್ ಮಾಡಿದ. ಇಬ್ಬರು ಮೆಕ್ಯಾನಿಕ್‌ಗಳು ಬಂದು ಚೆನ್ನಾಗಿದ್ದ ಗೇರ್ ಬಾಕ್ಸ್ ಬಿಚ್ಚಿ ನೋಡಿದರು.

ಸಿಟ್ಟು ಎಲ್ಲರ ಮೇಲೂ ಬರುತ್ತಿತ್ತು. ಓವರ್‌ಟೇಕ್ ಮಾಡಿದ ಟ್ರ್ಯಾಕ್ಟರಿನವನ ಮೇಲೆ, ಚಿಲ್ಲರೆ ಇಲ್ಲ ಎಂದವರ ಮೇಲೆ, ಉಪ್ಪು ಸರಿಯಾಗಿದ್ದರೂ ಸಾರಿನ ಮೇಲೆ. ಬದುಕಿದೆನಲ್ಲ ಎಂದು ಖುಷಿಪಡಬೇಕಿತ್ತು, ಅದು ಆಗದಿದ್ದುದಕ್ಕೆ ನನ್ನ ಮೇಲೇ. ಕ್ಯಾನ್ಸರ್ ಇದ್ದಿದ್ದರೆ ಜನ ಕೂತು ಮಾತಾಡಿಸುತ್ತಿದ್ದರು ಎಂದು ಕೂಡ ಒಂದು ದಿನ ಅಂದುಕೊಂಡೆ. ಎಷ್ಟು ಕೆಟ್ಟ ಯೋಚನೆ ಎಂದು ಗೊತ್ತಿದೆ, ಆದರೂ ಬಂತು.

ಮೂರು ತಿಂಗಳ ತಪಾಸಣೆಗೆ ನಾಳೆ ಹೋಗಬೇಕು ಎನ್ನುವಾಗ ಗೌರಿ ಎಲೆಯಡಿಕೆ ತಟ್ಟೆ ಬದಿಗೆ ಸರಿಸಿ ನನ್ನೆದುರು ಬಂದು ಕೂತಳು.

"ನಿಮಗ ಐತಿ," ಎಂದಳು. "ಆ ಬ್ಯಾನಿ ಐತಿ. ಗಂಡಸ್ರು ಸೇರಿ ನನ್ನ ಮುಂದ ಮುಚ್ಚಿಟ್ಟೀರಿ."

ಇಲ್ಲ, ಕೊಟ್ರೇಶನ ಆಣೆ ಎಂದೆ. ಅವಳು ನಂಬಲಿಲ್ಲ. ಸುಮಾಳ ಮೂಲಕ ವೀರೇಶರನ್ನು ಕೇಳಿಸಿದ್ದಳಂತೆ. ಅವರು ಏನೂ ಇಲ್ಲ ಎನ್ನುತ್ತ ತಲೆ ತಗ್ಗಿಸಿದ್ದರಂತೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದರು ಎಂದು ಸುಮಾ ಹೇಳಿದ್ದಳು. ಅಂದಿನಿಂದ ಗೌರಿ ನಾನು ಸಾಯುತ್ತೇನೆ ಎಂದೇ ನಂಬಿ, ನನ್ನೆದುರು ನಗುತ್ತ ರೊಟ್ಟಿ ಬಡಿದಿದ್ದಾಳೆ. ಒಬ್ಬಳೇ ಮೈಲಾರಕ್ಕೆ ಹೋಗಿ ಹರಕೆ ಹೊತ್ತು ಬಂದಿದ್ದಾಳೆ. ಸಂತೆಗೆ ಹೋಗುತ್ತೇನೆ ಎಂದು ನನಗೆ ಹೇಳಿದ್ದಳು.

"ಏನೂ ಇಲ್ಲ ಅಂದ್ರ ನಿಮ್ಮ ಅರಿವಿ ನೀವ ಯಾಕ ಒಗೀತೀರಿ?" ಎಂದಳು. "ನಾ ಕಂಡಿಲ್ಲ ಅನ್ಕೊಂಡೀರೇನು?"

ಅವಳು ನಂಬಿದ್ದನ್ನೇ ನಾನೂ ಅರ್ಧ ನಂಬಿದ್ದೆ. ನಾಳೆ ನಾನೂ ಬರುತ್ತೇನೆ, ಹೊರಗೆ ಕೂರಲು ಅಲ್ಲ, ಒಳಗೆ ಬರುತ್ತೇನೆ ಎಂದಳು. ಈ ಸಲ ಬಾಯಿ ಮುಚ್ಚಿಸುವ ಧೈರ್ಯ ನನಗೆ ಬರಲಿಲ್ಲ.

ದಾವಣಗೆರೆಯಲ್ಲಿ ಡಾಕ್ಟರು ಎಂದಿನಂತೆ ಜೊತೆಗೆ ಯಾರು ಎಂದರು. ವೀರೇಶ ಎದ್ದರು. ಗೌರಿ ಅವರ ಕೈಯಿಂದ ಫೈಲು ತೆಗೆದುಕೊಂಡು, ನೀವು ಕುಂದ್ರಿ ಎಂದು, ನನ್ನ ಅಂಗಿಯ ತೋಳು ಹಿಡಿದು ಒಳಗೆ ನಡೆದಳು. ಡಾಕ್ಟರು ರಕ್ತದ ಚೀಟಿ ನೋಡಿ ಇಳಿದಿದೆ, ಒಳ್ಳೆಯದು ಎನ್ನುತ್ತಿದ್ದಂತೆ ಅವಳು ಕೇಳಿದಳು.

"ಸಾಹೇಬ್ರ, ಇವ್ರು ಸಾಯ್ತಾರೇನ್ರಿ? ಖರೇ ಹೇಳ್ರಿ."

ಡಾಕ್ಟರು ಚೀಟಿ ಕೆಳಗಿಟ್ಟರು. ಇಲ್ಲಮ್ಮ, ಸಾಯುವಂಥದ್ದು ಏನೂ ಇಲ್ಲ ಎಂದರು.

"ಮತ್ತ ನನ್ನ ಬಿಟ್ಟು ಯಾಕ ಮಲಗ್ತಾರ?"

ನಾನು ನೆಲ ನೋಡಿದೆ. ಡಾಕ್ಟರು ನನ್ನ ಕಡೆ ತಿರುಗಿ ಕಾಯುತ್ತ ಕೂತರು. ಅವರು ಅವಸರ ಮಾಡದಿದ್ದುದೇ ದೊಡ್ಡ ಉಪಕಾರ. ಹೇಳಿದೆ. ಲುಂಗಿ, ಕಲೆ, ಮೈ ಕೇಳದಿದ್ದುದು, ಪುಡಿ ತಿಂದದ್ದು, ಎಲ್ಲ. ಮೂರು ತಿಂಗಳ ಮೇಲೆ ಮೊದಲ ಸಲ ಆ ಮಾತುಗಳು ನನ್ನ ಕಿವಿಗೆ ನನ್ನದೇ ದನಿಯಲ್ಲಿ ಕೇಳಿದವು. ಗೌರಿ ಅಳಲಿಲ್ಲ, ನಾಚಲಿಲ್ಲ, ಅಷ್ಟೂ ಹೊತ್ತು ನನ್ನ ತೋಳು ಬಿಡಲಿಲ್ಲ.

"ಇದು ಆಗುತ್ತೆ ಅಂತ ಅವತ್ತೇ ಹೇಳಿದ್ದೆನಲ್ಲ," ಎಂದರು ಡಾಕ್ಟರು. "ನಿಮ್ಮ ಜೊತೆ ಬಂದವರಿಗೆ ಎರಡು ಸಲ ಹೇಳಿದ್ದೆ."

ವೀರ್ಯ ಕೆಲವು ವಾರ, ಕೆಲವರಿಗೆ ಇನ್ನೂ ಹೆಚ್ಚು ಕಾಲ ಕೆಂಪಗೋ ಕಂದಾಗೋ ಬರುತ್ತದೆ, ಸೂಜಿ ಚುಚ್ಚಿದ ಕಡೆಯ ಹಳೆಯ ರಕ್ತ ಅದು, ಹೆಂಡತಿಗೆ ಅಂಟುವ ಮಾತೇ ಇಲ್ಲ. ಮೈ ಕೇಳದಿರುವುದೂ ಕೆಲವರಿಗೆ ಸ್ವಲ್ಪ ದಿನ ಇರುತ್ತದೆ, ಸಾಮಾನ್ಯವಾಗಿ ತಾನಾಗಿ ಸರಿಹೋಗುತ್ತದೆ, ಹೆದರಿಕೊಂಡರೆ ಇನ್ನಷ್ಟು ಎಳೆಯುತ್ತದೆ. ಸರಿಹೋಗದಿದ್ದರೆ ಬನ್ನಿ, ಗುಳಿಗೆ ಇದೆ. ಎಲ್ಲ ಸೇರಿ ಎರಡು ನಿಮಿಷದ ಮಾತು. ಆ ಎರಡು ನಿಮಿಷದ ಮಾತು ಇಲ್ಲದೆ ನಾನು ಮೂರು ತಿಂಗಳು ಸತ್ತಿದ್ದೆ, ನನ್ನ ಹೆಂಡತಿ ಮೂರು ತಿಂಗಳು ವಿಧವೆಯಾಗಿ ಬದುಕಿದ್ದಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೊರಗೆ ಬಂದೆ. ಗೌರಿ ಔಷಧಿ ಅಂಗಡಿಯ ಕಡೆ ಹೋದಳು. ಬೆಂಚಿನಿಂದ ಎದ್ದು ನಿಂತ ವೀರೇಶರಿಗೆ ನನ್ನ ಮುಖ ನೋಡಿಯೇ ಎಲ್ಲ ತಿಳಿಯಿತು. ಇಂಗ್ಲಿಷ್ ಕಲಿತು ಏನು ಉಪಯೋಗ ಎಂದು ಶುರು ಮಾಡಬೇಕೆಂದಿದ್ದೆ. ಅವರೇ ಮೊದಲು ಮಾತಾಡಿದರು.

"ಅವತ್ತು ಊರು ಮುಟ್ಟೋತನ ಮನಸ್ಸಿನಾಗ ಹೇಳ್ಕೊಂತ ಬಂದೆ ಮಾವಾರ. ಬಾಯಿಗೆ ಬರ್ಲಿಲ್ಲ. ನಿಮಗ ಆ ಮಾತು ನಾ ಹೆಂಗ ಹೇಳ್ಲಿ?"

ಕಿವಿ ಮತ್ತೆ ಕೆಂಪಗಾಗಿದ್ದವು. ಬೈಯಲು ತೆರೆದ ಬಾಯಿ ಹಾಗೇ ನಿಂತಿತು. ಏಕೆಂದರೆ ಆ ಬೆಂಚು, ಆ ಕಿವಿ, ಆ ಮಾತು ನನಗೆ ಗೊತ್ತಿದ್ದವು. ಇಪ್ಪತ್ತಾರು ವರ್ಷದ ಹಿಂದೆ ನಾನೇ ಅಲ್ಲಿ ನಿಂತಿದ್ದೆ.

ಗೌರಿಯ ಅಪ್ಪನಿಗೆ ಬಳ್ಳಾರಿಯಲ್ಲಿ ಹರ್ನಿಯಾ ಆಪರೇಷನ್ ಆಯಿತು. ಅವರಿಗೂ ಗಂಡುಮಕ್ಕಳಿರಲಿಲ್ಲ, ಜೊತೆಗೆ ಹೋದದ್ದು ಅಳಿಯನಾದ ನಾನು. ಡಾಕ್ಟರು ನನ್ನನ್ನು ಒಳಗೆ ಕರೆದು ಹೇಳಿದರು: ಒಂದು ತಿಂಗಳು ಭಾರ ಎತ್ತಬಾರದು. ಕೆಳಗೆ ಬಾವು, ನೋವು ಕೆಲವು ವಾರ ಇರುತ್ತದೆ, ಗಂಡಸುತನ ಹೋಯಿತೆಂದು ಹೆದರುತ್ತಾರೆ, ಹೆದರಬೇಡಿ ಎನ್ನು. ಆರು ವಾರ ಬಿಟ್ಟು ಹೆಂಡತಿಯ ಜೊತೆ ಮೊದಲಿನಂತೆ ಇರಬಹುದು, ಇದನ್ನು ಮರೆಯದೆ ಹೇಳು. ನಾನು ಹೊರಗೆ ಬಂದು ಮಾವನ ಚಪ್ಪಲಿ ನೋಡುತ್ತ, ಭಾರ ಎತ್ತಬಾರದಂತೆ ಎಂದೆ. ಅಷ್ಟೇನಾ ಎಂದರು. ಅಷ್ಟೇ ಎಂದೆ. ಎರಡು ತಿಂಗಳಿಗೆ ಅವರು ಕಂಬಳಿ ತೆಗೆದುಕೊಂಡು ಮಠದ ಪಡಸಾಲೆಗೆ ಹೋದರು. ವೈರಾಗ್ಯ ಎಂದು ಊರು ಕೈ ಮುಗಿಯಿತು, ನಾನೂ ಮುಗಿದೆ. ಆಗ ಅವರ ವಯಸ್ಸು ಈಗಿನ ನನಗಿಂತ ಕಡಿಮೆ.

ಚಹಾ ಕುಡಿಯೋಣ ಬರ್ರಿ ಎಂದು ವೀರೇಶರನ್ನು ಕರೆದೆ.

ಮೊದಲಿನಂತೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕಲೆ ಮುಂದಿನ ತಿಂಗಳಿಗೆ ನಿಂತಿತು. ಇನ್ನೊಂದು ಒಮ್ಮೆ ಸರಿ, ಒಮ್ಮೆ ಇಲ್ಲ. ಇಲ್ಲದ ದಿನ ಈಗಲೂ ಸಿಡುಕು ಬರುತ್ತದೆ, ಸಾರಿಗೆ ಉಪ್ಪಿಲ್ಲ ಎನ್ನುತ್ತೇನೆ. ಆದರೆ ಹಾಸಿಗೆ ಒಳಗೆ ಹೋಗಿದೆ. ಗೌರಿ ಚಿಲಕ ಹಾಕುತ್ತಾಳೆ. ಆಗದಿದ್ದರೆ ಹಾಗೇ ಮಲಗಿ ಮಾತಾಡುತ್ತೇವೆ. ಖಾದರ್‌ಗೂ ಒಂದು ದಿನ ಹಡಗಲಿಯಲ್ಲಿ ಮಂಡಕ್ಕಿ ತಿನ್ನುತ್ತ ಹೇಳಿದೆ. ಅವನು ಕೈ ಒರೆಸಿಕೊಂಡು, ಹಂಗಾದ್ರ ಗೇರ್ ಬಾಕ್ಸ್ ಸುಮ್ನ ಬಿಚ್ಚಿಸಿದ್ವೇನಲೇ ಎಂದ.

ಹೋದ ವಾರದ ಒಂದು ಮಧ್ಯಾಹ್ನ ಹಾಗೇ ಮಲಗಿ ಮಾತಾಡುವಾಗ ಗೌರಿಗೆ ಬಳ್ಳಾರಿಯ ಮಾತು ಹೇಳಿದೆ. ಒಂದಕ್ಷರ ಬಿಡದೆ ಹೇಳಿದೆ. ಡಾಕ್ಟರು ಹೇಳಿದ್ದು, ನಾನು ಹೇಳದೆ ಬಿಟ್ಟದ್ದು. ಅವಳು ಎದ್ದು ಕೂತಳು. ಸೆರಗು ಸರಿಮಾಡಿಕೊಂಡಳು. ನನ್ನ ಕಡೆ ನೋಡದೆ ಮಾತಾಡಿದಳು.

"ನಮ್ಮವ್ವ ಸಾಯೋ ದಿನದ ತನಕ ನನ್ನ ಕೇಳ್ತಿದ್ಲು. ನಿಮ್ಮಪ್ಪ ನನ್ನಾಗ ಏನ್ ತಪ್ಪು ಕಂಡು ಎದ್ದು ಹೋದ್ರು ಅಂತ."

ಅತ್ತೆ ಆ ಮಾತು ಕೇಳುವಾಗ ಎಷ್ಟೋ ಸಲ ನಾನೂ ಅದೇ ಮನೆಯಲ್ಲಿ, ಗೋಡೆಯ ಈಚೆ ಊಟ ಮಾಡುತ್ತ ಕೂತಿರುತ್ತಿದ್ದೆ. ಉತ್ತರ ನನ್ನ ಹತ್ತಿರ ಇತ್ತು.